ಸೆರೆಮನೆಯ ಗೇಟು ಮತ್ತು ಗುಳಿಗೆಯ ಚೀಟಿ



ನಾನು ಮನೋವೈದ್ಯ. ಆಸ್ಪತ್ರೆಯ ಕೆಲಸದ ಜೊತೆಗೆ ಬಹಳ ವರ್ಷ ಜೈಲುಗಳಿಗೂ ಹೋಗಿ ಅಲ್ಲಿನ ರೋಗಿಗಳನ್ನು ನೋಡಿದವನು. ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ಹೆಚ್ಚು ಯೋಚಿಸಬೇಕಾಗಲಿಲ್ಲ. ಧಾರವಾಡದಲ್ಲಿ ಕೇಂದ್ರ ಕಾರಾಗೃಹವೂ ಇದೆ, ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೆ. ಎರಡನ್ನೂ ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಬೆಳೆದ ಜನ ನಾವು. ಆದರೆ ಜೈಲಿನೊಳಗೆ ಹದಗೆಟ್ಟ ಮನಸ್ಸಿನ ಬಗ್ಗೆ, ಜೈಲಿನಿಂದ ಕಾಯಿಲೆ ಹೊತ್ತು ಮನೆಗೆ ಬಂದವರ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಬರುವುದೇ ಅಪರೂಪ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಕೈದಿ ಹೊರಗೆ ಹೋಗುವ ದಿನದ ತಯಾರಿ ಅವನು ಒಳಗೆ ಬಂದ ದಿನವೇ ಶುರುವಾಗಬೇಕು. ಯಾಕೆ ಹಾಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಕಂಡವರ ಹೆಸರು, ಊರು, ಪ್ರಕರಣ ಯಾವುದನ್ನೂ ಹೇಳುವುದಿಲ್ಲ. ಅದು ಅವರು ನನ್ನಲ್ಲಿ ಇಟ್ಟ ನಂಬಿಕೆ.

ಮೊದಲು ಜೈಲಿನಲ್ಲಿ ಯಾರಿದ್ದಾರೆ ಎಂಬುದನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ನೂರು ಜನರಿಗೆಂದು ಕಟ್ಟಿದ ಜಾಗದಲ್ಲಿ ಸರಾಸರಿ 131 ಜನ ಮಲಗುತ್ತಿದ್ದರು. ಆ ಒಂದು ವರ್ಷದಲ್ಲಿ ಜೈಲುಗಳೊಳಗೆ 119 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಈ ಕೊನೆಯ ಸಂಖ್ಯೆಯನ್ನು ಓದುವಾಗ ಒಂದನ್ನು ನೆನಪಿಡಬೇಕು. ಇವರು ಹಗಲು ರಾತ್ರಿ ಸರ್ಕಾರದ ಕಣ್ಣಳತೆಯಲ್ಲಿ ಇದ್ದವರು, ಬೆಳಿಗ್ಗೆ ಸಂಜೆ ಎಣಿಸಿ ಲೆಕ್ಕ ಬರೆದುಕೊಂಡವರು.

ನಮ್ಮ ರಾಜ್ಯದ ಮಟ್ಟಿಗೆ ನಮಗೊಂದು ಒಳ್ಳೆಯ ಅಧ್ಯಯನ ಸಿಕ್ಕಿದೆ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ, ಡಾ. ಪ್ರತಿಮಾ ಮೂರ್ತಿ ಮತ್ತು ಅವರ ಸಂಗಡಿಗರು 5,024 ಕೈದಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಚಟದ ಸಮಸ್ಯೆ ಶೇ. 79.6ರಷ್ಟು ಜನರಲ್ಲಿ ಕಂಡುಬಂತು. ಚಟವನ್ನು ಬದಿಗಿಟ್ಟು ಎಣಿಸಿದರೂ ಶೇ. 27.6ರಷ್ಟು ಜನರಿಗೆ ಚಿಕಿತ್ಸೆ ಬೇಕಾಗುವಂಥ ಮಾನಸಿಕ ಕಾಯಿಲೆ ಇತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಆ ವರದಿಯನ್ನು ನಾನು ಮತ್ತೆ ಮತ್ತೆ ತೆರೆದು ಓದಿದ್ದೇನೆ, ಏಕೆಂದರೆ ಅದು ಹೇಳಿದ್ದು ನನ್ನ ಕಣ್ಣಿಗೆ ಬಿದ್ದದ್ದಕ್ಕೆ ಹೊಂದುತ್ತಿತ್ತು.

ಜೈಲಿನ ಮೊದಲ ವಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಲ್ಲಿಯೇ ಜೀವ ಹೋಗುವುದು, ಅಲ್ಲಿಯೇ ಜೀವ ಉಳಿಸಲೂ ಆಗುವುದು.

ದಿನವೂ ಕುಡಿಯುವವನೊಬ್ಬನನ್ನು ಪೊಲೀಸರು ಹಿಡಿಯುತ್ತಾರೆ. ಠಾಣೆ, ಮ್ಯಾಜಿಸ್ಟ್ರೇಟರ ಮನೆ, ಜೈಲು ಎಂದು ಓಡಾಟದಲ್ಲಿ ಒಂದೆರಡು ದಿನ ಕಳೆಯುತ್ತದೆ. ಹೊಟ್ಟೆಗೆ ಹನಿ ಹೆಂಡ ಬಿದ್ದಿರುವುದಿಲ್ಲ. ಎರಡನೆಯ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಮೂರನೆಯ ದಿನದ ಹೊತ್ತಿಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ತಾನು ಎಲ್ಲಿದ್ದೇನೆ ಎಂಬುದೇ ಮರೆಯುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಇದು ಮದ್ಯ ಏಕಾಏಕಿ ನಿಂತಾಗ ಮಿದುಳು ತೋರುವ ಪ್ರತಿಕ್ರಿಯೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಜೀವ ಹೋಗಬಹುದು. ಡಯಾಜೆಪಾಮ್ ಅಥವಾ ಲೋರಾಜೆಪಾಮ್, ಥಯಾಮಿನ್ ಇಂಜೆಕ್ಷನ್, ನೀರು, ಹಗಲಿರುಳು ಒಬ್ಬರ ಕಣ್ಣು ಇದ್ದರೆ ಹೆಚ್ಚಿನವರು ಉಳಿಯುತ್ತಾರೆ. ಆದರೆ ಬ್ಯಾರಕ್ಕಿನಲ್ಲಿ ಅವನು ಕಾಣುವುದು ಬೇರೆಯೇ ರೀತಿ. 'ನಾಟಕ ಹೂಡ್ಯಾನ್ರೀ ಸಾಹೇಬ್ರ' ಎಂದು ಒಬ್ಬ ವಾರ್ಡರ್ ನನಗೆ ಹೇಳಿದ್ದರು. ಪಕ್ಕದಲ್ಲಿದ್ದ ವಯಸ್ಸಾದ ಕೈದಿ, 'ನಾಟಕ ಅಲ್ಲಪ್ಪಾ, ಮೈಮ್ಯಾಲೆ ಬಂದೈತಿ' ಅಂದರು. ಇಬ್ಬರಲ್ಲೂ ದುರುದ್ದೇಶ ಇರಲಿಲ್ಲ. ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಮೊದಲ ವಾರದಲ್ಲೇ ಅವಮಾನದ ಹೊಡೆತವೂ ಬೀಳುತ್ತದೆ. ಊರಿನಲ್ಲಿ ಗೌರವದಿಂದ ಬಾಳಿದವರಿಗೆ ಇದು ಹೆಚ್ಚು. ಹಳೆಯ ಕಳ್ಳನಿಗೆ ಜೈಲಿನ ದಾರಿ ಗೊತ್ತಿರುತ್ತದೆ, ಪರಿಚಯದವರು ಸಿಗುತ್ತಾರೆ. ಹೊಲದ ಬದುವಿನ ಜಗಳದಲ್ಲಿ ಕೊಡಲಿ ಎತ್ತಿದ ರೈತನಿಗೆ, ಸೊಸೆಯ ಸಾವಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ಅತ್ತೆಗೆ ಇಲ್ಲಿ ಒಂದು ಮುಖವೂ ಗುರುತಿನದಲ್ಲ. ಮೊದಲ ರಾತ್ರಿಗಳಲ್ಲಿ ಸಾಯುವ ಯೋಚನೆ ಬರುವುದು ಇಂಥವರಿಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರ ಜೂನ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸಲಹಾ ಪತ್ರ ಕಳಿಸಿ, ಜೈಲಿಗೆ ಬಂದಾಗ ಮಾಡುವ ಆರೋಗ್ಯ ತಪಾಸಣೆಯಲ್ಲೇ ಮನಸ್ಸಿನ ತಪಾಸಣೆಯೂ ಸೇರಬೇಕು, ಕೈದಿಗಳಲ್ಲೇ ಕೆಲವರನ್ನು ಆರಿಸಿ ಅಪಾಯದಲ್ಲಿರುವವರನ್ನು ಗುರುತಿಸುವ ತರಬೇತಿ ಕೊಡಬೇಕು ಎಂದಿತು. ಬಹಳ ಸರಿಯಾದ ಮಾತು. ಬ್ಯಾರಕ್ಕಿನ ಬೀಗ ಸಂಜೆಗೇ ಬೀಳುತ್ತದೆ. ಆಮೇಲೆ ಬೆಳಗಿನವರೆಗೆ ಒಬ್ಬ ಕೈದಿಯ ಪಕ್ಕದಲ್ಲಿ ಇರುವವನು ಇನ್ನೊಬ್ಬ ಕೈದಿ ಮಾತ್ರ.

ಮೊದಲ ವಾರ ದಾಟಿದವರು ಕಾಯಲು ಶುರುಮಾಡುತ್ತಾರೆ.

ಶಿಕ್ಷೆಯಾದ ಕೈದಿಗೆ ತನ್ನ ವರ್ಷಗಳ ಲೆಕ್ಕ ಗೊತ್ತು. ಸನ್ನಡತೆಯ ಮಾಫಿ ಎಷ್ಟು, ಪೆರೋಲ್ ಯಾವಾಗ ಎಂದು ಬೆರಳಲ್ಲಿ ಎಣಿಸಬಲ್ಲ. ವಿಚಾರಣಾಧೀನನಿಗೆ ಎಣಿಸಲು ಏನೂ ಇಲ್ಲ, 'ಮುಂದಿನ ತಾರೀಖು' ಒಂದೇ ಇದೆ. ಆ ತಾರೀಖಿಗೆ ಸಾಕ್ಷಿ ಬರಲಿಲ್ಲ, ಬೆಂಗಾವಲು ಪೊಲೀಸರು ಸಿಗಲಿಲ್ಲ, ಸಾಹೇಬರು ರಜೆಯಲ್ಲಿದ್ದರು. ಮತ್ತೆ ಮುಂದಿನ ತಾರೀಖು. ಶಿಕ್ಷೆ ಅನುಭವಿಸುತ್ತಿರುವವರಿಗಿಂತ ಹೀಗೆ ತೂಗಾಡುತ್ತಿರುವವರಲ್ಲೇ ನಾನು ಹೆಚ್ಚು ಆತಂಕವನ್ನು, ಹೆಚ್ಚು ನಿದ್ದೆಗೇಡನ್ನು ಕಂಡಿದ್ದೇನೆ. ಇವರಿಗೆ ಜೈಲಿನಲ್ಲಿ ಕೆಲಸ ಕಡ್ಡಾಯವಲ್ಲ, ಹಾಗಾಗಿ ಹಗಲೂ ಖಾಲಿ. ಖಾಲಿ ಹಗಲು, ದೀಪ ಆರದ ರಾತ್ರಿ, ಮೈಗೆ ಮೈ ತಾಗಿಸಿ ಮಲಗುವ ಜಾಗ. ಆರೋಗ್ಯವಂತ ಮನಸ್ಸನ್ನೂ ಇದು ಸವೆಸುತ್ತದೆ.

ಈಚೆಗೆ ಇನ್ನೊಂದು ಬದಲಾವಣೆ ಬಂದಿದೆ, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಹಿಂದೆ ಕೈದಿಯನ್ನು ಪೊಲೀಸ್ ವ್ಯಾನಿನಲ್ಲಿ ಕೋರ್ಟಿಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಪೇಟೆ ಕಾಣುತ್ತಿತ್ತು. ಕೋರ್ಟಿನ ಆವರಣದಲ್ಲಿ ಹೆಂಡತಿ ರೊಟ್ಟಿಗಂಟು ಹಿಡಿದು ನಿಂತಿರುತ್ತಿದ್ದಳು, ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳಲು ಬೆಂಗಾವಲಿನವರು ಬಿಡುತ್ತಿದ್ದರು. ಈಗ ಬಹುಪಾಲು ಹಾಜರಾತಿ ವಿಡಿಯೊ ಕಾನ್ಫರೆನ್ಸಿನಲ್ಲಿ ಮುಗಿಯುತ್ತದೆ. ಪರದೆಯ ಮುಂದೆ ಒಂದು ನಿಮಿಷ ನಿಲ್ಲಿಸಿ ಹೆಸರು ಕೂಗಿ ಮುಂದಿನ ದಿನಾಂಕ ಹೇಳುತ್ತಾರೆ. ಸರ್ಕಾರಕ್ಕೆ ಖರ್ಚು ಉಳಿಯಿತು, ಪೊಲೀಸರಿಗೆ ಶ್ರಮ ಉಳಿಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮನುಷ್ಯನಿಗೆ ಲೋಕ ಇನ್ನೂ ಇದೆ, ಅದರಲ್ಲಿ ತನಗೊಂದು ಜಾಗ ಇದೆ ಎಂದು ತಿಳಿಸುತ್ತಿದ್ದ ಪ್ರಯಾಣ ನಿಂತುಹೋಯಿತು. ಕೆಲವು ತಾರೀಖುಗಳಿಗಾದರೂ ಕೈದಿಯನ್ನು ಖುದ್ದಾಗಿ ಕರೆಸಿ ಎಂದು ಇಲ್ಲಿರುವ ವಕೀಲರು ನ್ಯಾಯಾಲಯವನ್ನು ಕೇಳಿಕೊಳ್ಳಬೇಕು. ಇದನ್ನು ನಾನು ವೈದ್ಯನಾಗಿ ಹೇಳುತ್ತಿದ್ದೇನೆ.

ಹೆಣ್ಣುಮಕ್ಕಳ ಪಾಡು ಬೇರೆ. ಗಂಡಸು ಜೈಲಿಗೆ ಹೋದರೆ ತಾಯಿ, ಹೆಂಡತಿ, ಅಕ್ಕ ಭೇಟಿಗೆ ಬರುತ್ತಾರೆ. ಹೆಂಗಸು ಹೋದರೆ ಅವಳಿಗೆ ಬರುವವರು ಕಡಿಮೆ. ಗಂಡ ಬರುವುದಿಲ್ಲ, ತವರಿನವರಿಗೆ ಊರಿನ ಅಂಜಿಕೆ. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು ಎಂದು ಸುಪ್ರೀಂ ಕೋರ್ಟು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರಲ್ಲಿ ಹೇಳಿತು. ಆರು ತುಂಬಿದ ದಿನ ಮಗುವನ್ನು ಕಳಿಸಬೇಕು. ಆ ದಿನದ ನಂತರ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ ತಾಯಂದಿರನ್ನು ನೋಡಿದ್ದೇನೆ. ಅದಕ್ಕೆ ಗುಳಿಗೆ ಬರೆಯುವಾಗ ನನ್ನ ಕೈ ತಡೆದಿದೆ.

ಇನ್ನು ಒಂಟಿ ಕೋಣೆ. ಈ ಮಾತು ನಮ್ಮ ಪಕ್ಕದ ಬೆಳಗಾವಿಗೆ ಸೇರಿದ್ದು.

ಏಕಾಂತ ಶಿಕ್ಷೆಯನ್ನು ನ್ಯಾಯಾಲಯ ಮಾತ್ರ ವಿಧಿಸಬಹುದು, ಅದೂ ಒಟ್ಟು ಮೂರು ತಿಂಗಳು ಮೀರಬಾರದು, ಒಂದು ಸಲಕ್ಕೆ ಹದಿನಾಲ್ಕು ದಿನ ಮೀರಬಾರದು ಎಂದು ನಮ್ಮ ದಂಡ ಕಾನೂನು ಬ್ರಿಟಿಷರ ಕಾಲದಿಂದಲೂ ಹೇಳುತ್ತಿದೆ. ಮರಣದಂಡನೆಯಾಗಿದೆ ಎಂಬ ಕಾರಣಕ್ಕೇ ಕೈದಿಯನ್ನು ಒಂಟಿಯಾಗಿ ಇಡುವಂತಿಲ್ಲ ಎಂದು 1978ರ ಸುನಿಲ್ ಬಾತ್ರಾ ತೀರ್ಪು ಸ್ಪಷ್ಟಪಡಿಸಿತು. ಹದಿನೈದು ದಿನ ಮೀರಿದ ಏಕಾಂತವನ್ನು ವಿಶ್ವಸಂಸ್ಥೆಯ 2015ರ ನೆಲ್ಸನ್ ಮಂಡೇಲಾ ನಿಯಮಗಳು ನಿಷೇಧಿಸುತ್ತವೆ. ಇಷ್ಟೆಲ್ಲ ಇದ್ದೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಮರಣದಂಡನೆಯ ಕೈದಿಯೊಬ್ಬನನ್ನು 2006ರಿಂದ 2016ರವರೆಗೆ, ಹತ್ತು ವರ್ಷ, ಒಂಟಿ ಕೋಣೆಯಲ್ಲಿ ಇಡಲಾಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದು ಕಾನೂನುಬಾಹಿರ ಎಂದಿತು. ಅದು ಅವನ ಆರೋಗ್ಯದ ಮೇಲೆ ಮಾಡಿದ ಕೆಡುಕನ್ನು ಗುರುತಿಸಿ, ಮರಣದಂಡನೆಯನ್ನು ಕನಿಷ್ಠ ಮೂವತ್ತು ವರ್ಷದ ಜೀವಾವಧಿಗೆ ಇಳಿಸಿತು. ಅವನು ಮಾಡಿದ ಅಪರಾಧ ಭಯಂಕರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹತ್ತು ವರ್ಷದ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಬರೆದಿರಲಿಲ್ಲ. ಒಂಟಿ ಕೋಣೆಯಲ್ಲಿ ಮನುಷ್ಯನಿಗೆ ಏನಾಗುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ. ಮೊದಲು ನಿದ್ದೆಯ ಲಯ ತಪ್ಪುತ್ತದೆ, ಆಮೇಲೆ ಗಮನ ನಿಲ್ಲುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾನೆ, ತನ್ನೊಡನೆ ತಾನೇ ಮಾತಾಡುತ್ತಾನೆ. ಮುಂದೆ ಆ ಮಾತಿಗೆ ಉತ್ತರವೂ ಕೇಳಿಸತೊಡಗುತ್ತದೆ.

ದೆಹಲಿಯ ಪ್ರಾಜೆಕ್ಟ್ 39ಎ ಎಂಬ ಕಾನೂನು ಸಂಶೋಧನಾ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 88 ಮರಣದಂಡನೆಯ ಕೈದಿಗಳನ್ನು ಮಾತಾಡಿಸಿದ್ದರು. ಅವರಲ್ಲಿ ಶೇ. 62.2ರಷ್ಟು ಜನರಿಗೆ ಕನಿಷ್ಠ ಒಂದು ಮಾನಸಿಕ ಕಾಯಿಲೆ ಇತ್ತು. ಶಿಕ್ಷೆಯ ನಂತರ ಬಂದ ತೀವ್ರ ಮಾನಸಿಕ ಕಾಯಿಲೆಯೂ ಮರಣದಂಡನೆಯನ್ನು ತಗ್ಗಿಸಲು ಕಾರಣವಾಗಬಹುದು ಎಂದು ಸುಪ್ರೀಂ ಕೋರ್ಟು 2019ರಲ್ಲೇ, ಕೈದಿಯ ಹೆಸರನ್ನು ಮರೆಮಾಡಿ ಬರೆದ ತೀರ್ಪಿನಲ್ಲಿ ಒಪ್ಪಿದೆ. ಹೆಸರು ಮರೆಮಾಡಿದ್ದು ನನಗೆ ತುಂಬ ಹಿಡಿಸಿತು. ರೋಗಿಯ ಗುಟ್ಟು ಕಾಯುವ ವೈದ್ಯರ ಸಭ್ಯತೆಯನ್ನು ನ್ಯಾಯಾಲಯವೂ ಪಾಲಿಸಿತ್ತು.

ಕಾಯಿಲೆ ಜೈಲಿನಿಂದ ಬರುವುದು ಒಂದು ಕಥೆಯಾದರೆ, ಕಾಯಿಲೆಯ ಹೆಸರಿನಲ್ಲಿ ಜೈಲಿನಲ್ಲೇ ಉಳಿಸಿಕೊಳ್ಳುವುದು ಇನ್ನೊಂದು. ಬಿಹಾರದ ರುದುಲ್ ಸಾಹ್ 1968ರ ಜೂನ್‌ನಲ್ಲಿ ಖುಲಾಸೆಯಾದರು, ಮುಜಫ್ಫರ್‌ಪುರ ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್‌ನಲ್ಲಿ. ಹದಿನಾಲ್ಕು ವರ್ಷ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದ್ದಕ್ಕೆ ಸರ್ಕಾರ ಕೊಟ್ಟ ಕಾರಣ: ಅವರಿಗೆ ಬುದ್ಧಿಭ್ರಮಣೆಯಾಗಿತ್ತು. ಆ ಮಾತನ್ನು ನಂಬಲು ಆಧಾರವಿಲ್ಲವೆಂದು ಕಂಡ ಸುಪ್ರೀಂ ಕೋರ್ಟು ಪರಿಹಾರ ಕೊಡಿಸಿತು. ಅಸ್ಸಾಮಿನ ಮಚಂಗ್ ಲಾಲುಂಗ್ ಅವರದು ಇದಕ್ಕಿಂತ ದೊಡ್ಡ ಅನ್ಯಾಯ. 1951ರಲ್ಲಿ ಹಿಡಿದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಗುಣವಾಗಿದೆ ಎಂದು ಬರೆದುಕೊಟ್ಟರು. ವಿಚಾರಣೆ ನಡೆಯಲೇ ಇಲ್ಲ. ಅವರು ಹೊರಬಂದದ್ದು 2005ರಲ್ಲಿ, 54 ವರ್ಷಗಳ ನಂತರ, ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ. ಎರಡು ವರ್ಷ ಬದುಕಿದರು. ಇಲ್ಲಿ ಒಬ್ಬ ಖಳನಾಯಕನನ್ನು ಹುಡುಕಿದರೆ ಸಿಗುವುದಿಲ್ಲ. ಆಸ್ಪತ್ರೆಯವರು ತಮ್ಮ ಕಾಗದ ಬರೆದರು, ಜೈಲಿನವರು ತಮ್ಮ ರಿಜಿಸ್ಟರು ತುಂಬಿದರು, ನ್ಯಾಯಾಲಯ ಕಾಯುತ್ತಿತ್ತು. ಒಂದು ಕಚೇರಿಯ ಕಾಗದ ಇನ್ನೊಂದು ಕಚೇರಿಯ ಮೇಜಿಗೆ ಹೋಗಲಿಲ್ಲ, ಅಷ್ಟೇ. ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿ ಇಡುವುದು ಸಂವಿಧಾನ ವಿರೋಧಿ ಎಂದು ಪತ್ರಕರ್ತೆ ಶೀಲಾ ಬರ್ಸೆ ಅವರ ಹೋರಾಟದಿಂದಾಗಿ 1993ರಲ್ಲಿ ತೀರ್ಪು ಬಂತು. ಸ್ವಾತಂತ್ರ್ಯ ಬಂದ 46 ವರ್ಷಕ್ಕೆ.

ಈಗ ನಾನು ಮುಖ್ಯವೆಂದು ತಿಳಿದ ಭಾಗಕ್ಕೆ ಬರುತ್ತೇನೆ, ಬಿಡುಗಡೆಯ ದಿನಕ್ಕೆ.

ನಮ್ಮ ಸಿನಿಮಾಗಳಲ್ಲಿ ಜೈಲಿನ ಗೇಟು ತೆರೆದರೆ ಕಷ್ಟ ಮುಗಿಯಿತು. ವೈದ್ಯರ ಲೆಕ್ಕದಲ್ಲಿ ಅಪಾಯ ಅಲ್ಲಿ ಶುರುವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಡಾ. ಇಂಗ್ರಿಡ್ ಬಿನ್ಸ್‌ವಾಂಗರ್ ಮತ್ತು ಸಂಗಡಿಗರು ಜೈಲಿನಿಂದ ಹೊರಬಂದ 30,237 ಜನರ ದಾಖಲೆಗಳನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾದದ್ದು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಂಭವ ಆ ರಾಜ್ಯದ ಇತರರಿಗಿಂತ 12.7 ಪಟ್ಟು ಹೆಚ್ಚು. ಮೊದಲ ಕಾರಣ ಮಾದಕ ವಸ್ತುವಿನ ಅತಿಸೇವನೆ. ಒಳಗಿದ್ದಾಗ ಚಟ ನಿಂತಿರುತ್ತದೆ, ದೇಹ ಆ ವಿಷವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ. ನಮ್ಮಲ್ಲಿ ಮದ್ಯವೇ ಹೆಚ್ಚು, ಹಾಗಾಗಿ ಆ ಅಂಕಿಯನ್ನು ಇಲ್ಲಿಗೆ ಹಾಗೇ ತಂದು ಹಚ್ಚಲಾರೆ. ಆದರೆ ಅಪಾಯ ಗೇಟಿನ ಆಚೆ ಕಾದಿದೆ ಎಂಬುದು ಇಲ್ಲಿಗೂ ನಿಜ.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮಗೆಲ್ಲ ಗೊತ್ತಿರುವ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಈಗ ಅಲ್ಲಿ ಫ್ರೀಡಂ ಪಾರ್ಕ್ ಇದೆ. ಆಸ್ತಮಾ ರೋಗಿಯಾಗಿದ್ದ ಅವರನ್ನು ಒಂಟಿ ಕೋಣೆಯಲ್ಲಿ ಕೂಡಿದ್ದರು. ಕಾಯಿಲೆ ಕೈಮೀರಿದ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಅದೇ ಜನವರಿ 20ರಂದು ತೀರಿಕೊಂಡರು. ಜೈಲಿನ ಪುಸ್ತಕದಲ್ಲಿ ಅದು ಜೈಲಿನೊಳಗಿನ ಸಾವಲ್ಲ.

ಸಾಮಾನ್ಯ ಕೈದಿ ಮನೆಗೆ ಬಂದಾಗ ಏನಾಗುತ್ತದೆ? ಎಂಟೋ ಹತ್ತೋ ವರ್ಷ ಕಳೆದು ಬಂದವನು ಮನೆಯ ಬಾಗಿಲನ್ನು ತಾನೇ ತೆರೆಯುವುದಿಲ್ಲ, ಯಾರಾದರೂ ತೆಗೆಯಲಿ ಎಂದು ನಿಲ್ಲುತ್ತಾನೆ. ಬೆಳಗಿನ ಎಣಿಕೆಯ ಹೊತ್ತಿಗೆ ಎದ್ದು ಕೂರುತ್ತಾನೆ. ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ಹಾಸಿಗೆಯ ಕೆಳಗೆ ಇಡುತ್ತಾನೆ. ಕಕ್ಕಸಿಗೆ ಹೋಗಲು ಹೆಂಡತಿಯನ್ನು ಕೇಳುತ್ತಾನೆ. 'ನಮ್ಮನಿಯವ್ರು ಬಂದಾರಂತ ಊರೆಲ್ಲಾ ಅಂತೈತ್ರೀ, ನನಗ ಮಾತ್ರ ಇನ್ನೂ ಬಂದಂಗ ಅನ್ಸವಲ್ದು' ಎಂದು ಒಬ್ಬ ತಾಯಿ ನನ್ನೆದುರು ಕೂತು ಹೇಳಿದ್ದರು. ಅವರು ಇಷ್ಟು ವರ್ಷ ಕೂಲಿ ಮಾಡಿ ಮಕ್ಕಳನ್ನು ಓದಿಸಿದ್ದರು, ಮನೆಯ ಲೆಕ್ಕವೆಲ್ಲ ಅವರ ಕೈಯಲ್ಲಿತ್ತು. ಗಂಡ ಬಂದ ಮೇಲೆ ಮನೆಯಲ್ಲಿ ಯಾರ ಮಾತು ನಡೆಯಬೇಕು ಎಂಬುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಮಗ ಅಪ್ಪನನ್ನು 'ನೀವು' ಎಂದು ಕರೆಯುತ್ತಿದ್ದ, ಗೌರವದಿಂದಲ್ಲ, ಪರಿಚಯವಿಲ್ಲದೆ. ಇಂಥ ಮನೆಗಳಲ್ಲಿ ಮೊದಲು ಬರುವುದು ಮೌನ, ಆಮೇಲೆ ಕುಡಿತ, ಆಮೇಲೆ ಕೈ ಎತ್ತುವುದು.

ಕೆಲಸ ಸಿಗುವುದಿಲ್ಲ. ರೌಡಿ ಪಟ್ಟಿಯಲ್ಲಿ ಹೆಸರಿದ್ದರೆ ಗಣೇಶನ ಹಬ್ಬಕ್ಕೆ, ಚುನಾವಣೆಗೆ ಠಾಣೆಗೆ ಕರೆ ಬರುತ್ತದೆ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ತಪ್ಪು ದಾರಿ ಬಿಟ್ಟು ವರ್ಷಗಳಾದವರೂ ಆ ಸಾಲಿನಲ್ಲಿ ನಿಂತದ್ದಿದೆ. ಬಂದೋಬಸ್ತಿನ ಅಗತ್ಯ ನನಗೆ ಗೊತ್ತು. ಆದರೆ ಆ ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ ಎಂಬುದೂ ನನಗೆ ಗೊತ್ತು.

ಇವೆಲ್ಲದರ ನಡುವೆ ಗುಳಿಗೆ ನಿಂತುಹೋಗುತ್ತದೆ. ಇದನ್ನು ನಾನು ಪದೇ ಪದೇ ಕಂಡೆ. ಜೈಲಿನಲ್ಲಿ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆದು ಚೆನ್ನಾಗಿದ್ದವನು ಹೊರಹೋದ ಎರಡು ಮೂರು ತಿಂಗಳಿಗೆ ಮತ್ತೆ ಹಿಡಿತ ತಪ್ಪಿ, ಬೀದಿಯಲ್ಲಿ ಯಾರಿಗೋ ಹೊಡೆದು, ಹೊಸ ಪ್ರಕರಣದಲ್ಲಿ ಒಳಗೆ ಬರುತ್ತಾನೆ. ಇದಕ್ಕೆ ಕಾರಣ ಅವನ ದುಷ್ಟತನವಲ್ಲ. ಗೇಟಿನಲ್ಲಿ ಅವನ ಬಟ್ಟೆ ಕೊಟ್ಟರು, ಕೂಲಿಯ ಹಣ ಕೊಟ್ಟರು, ಸಹಿ ಹಾಕಿಸಿಕೊಂಡರು, ಗುಳಿಗೆ ಕೊಡಲಿಲ್ಲ. ವಿಚಾರಣಾಧೀನನಾದರೆ ಇನ್ನೂ ಕಷ್ಟ. ಜಾಮೀನಿನ ಆದೇಶ ಯಾವ ದಿನ ಬರುತ್ತದೆಂದು ಯಾರಿಗೂ ತಿಳಿದಿರುವುದಿಲ್ಲ. ಅದು ಬರುವುದು ಸಂಜೆ, ಆ ಹೊತ್ತಿಗೆ ವೈದ್ಯರು ಮನೆಗೆ ಹೋಗಿರುತ್ತಾರೆ, ಔಷಧಿ ಕೋಣೆಗೆ ಬೀಗ ಬಿದ್ದಿರುತ್ತದೆ. ಶಿಕ್ಷೆ ಮುಗಿಯುವವನ ದಿನಾಂಕ ಗೊತ್ತಿರುತ್ತದೆ, ಅವನಿಗೆ ಬೇಕಾದರೆ ತಯಾರಿ ಮಾಡಬಹುದು. ಆದರೆ ನಾಲ್ವರಲ್ಲಿ ಮೂವರು ವಿಚಾರಣಾಧೀನರು ಎಂದು ಆಗಲೇ ಹೇಳಿದೆ. ಅವರ ಬಿಡುಗಡೆಯ ತಯಾರಿಗೆ ಇರುವುದು ಒಂದೇ ದಿನ, ಅವರು ಒಳಬಂದ ದಿನ. ನನ್ನ ಮಾತಿನ ಹುರುಳು ಇಷ್ಟೇ.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ, ಬದಲಿಗೆ ಒತ್ತಾಸೆಯಾಗಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೆಯ ಕಲಂ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕು ಎನ್ನುತ್ತದೆ. ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಮಂಡಳಿಗೆ ವರದಿ ಕಳಿಸಬೇಕು. 31ನೆಯ ಕಲಂ ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಆರೋಗ್ಯದ ಮೂಲ ತರಬೇತಿ ಕೊಡಬೇಕು ಎನ್ನುತ್ತದೆ. ಬಿಡುಗಡೆಯ ನಂತರವೂ ಚಿಕಿತ್ಸೆ ಮುಂದುವರಿಯುವಂತೆ ಏರ್ಪಾಡು ಮಾಡಬೇಕು ಎಂದು ಮಂಡೇಲಾ ನಿಯಮಗಳ 110ನೆಯ ನಿಯಮ ಹೇಳುತ್ತದೆ. 2016ರ ಮಾದರಿ ಕಾರಾಗೃಹ ಕೈಪಿಡಿ 500 ಕೈದಿಗಳಿಗೆ ಒಬ್ಬ ಆಪ್ತಸಮಾಲೋಚಕರು ಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ದೇಶಕ್ಕೆ ಸಾವಿರದ ನೂರಕ್ಕೂ ಹೆಚ್ಚು ಜನ ಬೇಕು. ಇರುವವರು ಅದರ ಸಣ್ಣ ಪಾಲೂ ಅಲ್ಲ.

ಹಾಗಾದರೆ ಜನ ಎಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ಉತ್ತರ ನಮ್ಮ ಬಳ್ಳಾರಿಯಲ್ಲಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆಯನ್ನು ಗುರುತಿಸಲು, ಕೆಲವೇ ಅಗತ್ಯ ಔಷಧಿ ಕೊಡಲು ಕಲಿಸಿದರು. ಮನೋವೈದ್ಯರಿಲ್ಲದ ಕಡೆಯೂ ಚಿಕಿತ್ಸೆ ನಡೆಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬಳ್ಳಾರಿಯಲ್ಲಿ ಕೇಂದ್ರ ಕಾರಾಗೃಹವೂ ಇದೆ ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಚುರುಗುಟ್ಟುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಮನೋವೈದ್ಯವನ್ನು ಒಯ್ದ ಜಿಲ್ಲೆ ಅದು. ಅದೇ ಮಾದರಿಯನ್ನು ಜೈಲಿನ ಗೇಟಿಗೂ ತರಬೇಕು.

ಆ ಕೆಲಸ ಹೀಗೆ ನಡೆಯಬಹುದು. ಒಳಬರುವ ದಿನ ತೂಕ, ಗಾಯದ ಗುರುತು ಬರೆದುಕೊಳ್ಳುವ ಆ ಮೇಜಿನಲ್ಲೇ ಮೂರು ಪ್ರಶ್ನೆ ಕೇಳಬೇಕು: ಕೊನೆಯ ಸಲ ಕುಡಿದದ್ದು ಯಾವಾಗ, ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದೆಯಾ, ಸಾಯುವ ಯೋಚನೆ ಬಂದಿದೆಯೇ. ಇದನ್ನು ಕೇಳಲು ಮನೋವೈದ್ಯನೇ ಬೇಕಿಲ್ಲ, ತರಬೇತಿ ಪಡೆದ ನರ್ಸ್ ಸಾಕು. ಚಿಕಿತ್ಸೆ ಶುರುವಾದವನ ಹೆಸರಿನಲ್ಲಿ ಅವನ ತಾಲ್ಲೂಕಿನ ಆಸ್ಪತ್ರೆಗೆ ಒಂದು ಚೀಟಿ ಆ ದಿನವೇ ಬರೆದಿಡಬೇಕು, ತಿಂಗಳ ಗುಳಿಗೆಯ ಪೊಟ್ಟಣವೂ ಅವನ ಬಟ್ಟೆಯ ಗಂಟಿನೊಂದಿಗೆ ಗೇಟಿನ ಕೋಣೆಯಲ್ಲಿ ಸಿದ್ಧವಿರಬೇಕು. ಗುಳಿಗೆ ಬದಲಾದಾಗ ಪೊಟ್ಟಣ ಬದಲಾಗಲಿ. ಜಾಮೀನು ರಾತ್ರಿ ಎಂಟಕ್ಕೆ ಬಂದರೂ ಗೇಟಿನ ಸಿಬ್ಬಂದಿ ಬಟ್ಟೆಯ ಜೊತೆ ಅದನ್ನೂ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಹೊರಬರದವರ ಬಗ್ಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಆದೇಶಿಸಿದೆ. ಅದೇ ದಾರಿಯಲ್ಲಿ ಗುಳಿಗೆಯಲ್ಲಿರುವವರ ಬಿಡುಗಡೆಯ ಸುದ್ದಿ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೂ ಹೋಗಲಿ.

ಚೀಟಿಯ ಬಗ್ಗೆ ಒಂದು ಮಾತು ಬಹಳ ಮುಖ್ಯ. ಅದರ ಮೇಲೆ ಜೈಲಿನ ಮೊಹರು ಇರಕೂಡದು. ಕಾರಾಗೃಹ ಆಸ್ಪತ್ರೆ ಎಂಬ ಮೊಹರಿನ ಚೀಟಿಯನ್ನು ಹಿಡಿದು ಯಾರೂ ತಮ್ಮೂರಿನ ಔಷಧಿ ಅಂಗಡಿಗೆ ಹೋಗುವುದಿಲ್ಲ, ಬಸ್ಸು ಹತ್ತುವ ಮೊದಲೇ ಹರಿದು ಎಸೆಯುತ್ತಾರೆ. ಹರಿದೆಸೆದವರನ್ನು ನಾನು ಬಲ್ಲೆ. ಜಿಲ್ಲಾ ಆಸ್ಪತ್ರೆಯ ಹೆಸರಿನ ಚೀಟಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ.

ಜೈಲಿನೊಳಗಿನ ಒಳ್ಳೆಯ ಕೆಲಸವನ್ನೂ ಹೇಳಬೇಕು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಮಾಡಿಸಿ, ಅವರನ್ನು ಜೈಲಿನ ಹೊರಗಿನ ರಂಗಮಂದಿರಕ್ಕೂ ಕರೆತಂದದ್ದು ನಿಮಗೆ ಗೊತ್ತು. ತಾಲೀಮು ಖಾಲಿ ಹಗಲಿಗೆ ಒಂದು ಆಕಾರ ಕೊಡುತ್ತದೆ, ಕೈದಿಯ ಹೆಸರನ್ನು ಅವನ ಪ್ರಕರಣದ ನಂಬರಿನಿಂದ ಬಿಡಿಸುತ್ತದೆ. ನಾಟಕ ಚಿಕಿತ್ಸೆಯ ಬದಲಿಯಲ್ಲ. ಆದರೆ ಚಿಕಿತ್ಸೆ ಫಲಿಸಲು ಬೇಕಾದ ನೆಲವನ್ನು ಅದು ಹದ ಮಾಡುತ್ತದೆ. ಹಾಗೆಯೇ ವಾರ್ಡರುಗಳ ಮನಸ್ಸು. ಕೈದಿಯ ಜೊತೆಯಲ್ಲೇ ಅದೇ ಗೋಡೆಯೊಳಗೆ ಸರ್ವೀಸೆಲ್ಲ ಕಳೆಯುವವರು ಅವರು. ಅವರಿಗಾಗಿ ಒಂದು ಸಮಾಲೋಚನೆಯ ವ್ಯವಸ್ಥೆ ಇಲ್ಲದೆ ಕೈದಿಗಳಿಗೆ ಮಾಡುವುದೆಲ್ಲ ಅರ್ಧವೇ.

ಇಂಥ ಮಾತು ಆಡಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ, ಏಳಲೇಬೇಕು. ಕೊಲೆಯಾದವನ ಮನೆಯವರಿಗೆ ಯಾರು ಗುಳಿಗೆ ಕೊಟ್ಟರು? ಅವರಿಗೂ ಕೊಡಬೇಕು ಎಂಬುದು ನನ್ನ ಉತ್ತರ. ಸಂತ್ರಸ್ತರಿಗೆ ಪರಿಹಾರದ ಹಣ ಕೊಡಲು ಕಾನೂನಿದೆ, ಅವರ ಎದೆಯ ಭಾರ ಕೇಳುವ ಏರ್ಪಾಡು ಸಾಲದು. ಅದರ ಬಗ್ಗೆ ಹೇಳಲು ಇನ್ನೊಂದು ಉಪನ್ಯಾಸ ಬೇಕು, ನಾನು ಬರಲು ಸಿದ್ಧ. ಆದರೆ ಒಬ್ಬರ ಚಿಕಿತ್ಸೆಯನ್ನು ಕಸಿದು ಇನ್ನೊಬ್ಬರಿಗೆ ಕೊಡುವ ಲೆಕ್ಕ ವೈದ್ಯಶಾಸ್ತ್ರದಲ್ಲಿಲ್ಲ. ಬಿಡುಗಡೆಯಾದವನು ಹೋಗುವುದು ಅದೇ ಊರಿಗೆ, ಕೊಲೆಯಾದವನ ಮನೆಯಿರುವ ಓಣಿಗೇ. ಅವನು ಗುಳಿಗೆ ನುಂಗಿ ನಿದ್ದೆ ಮಾಡಿದರೆ ಆ ಓಣಿಯ ಎಲ್ಲ ಮನೆಗಳೂ ನಿದ್ದೆ ಮಾಡುತ್ತವೆ.

ಕೊನೆಯದಾಗಿ ಮೂರು ಕೋರಿಕೆ ಇವೆ. ವಕೀಲ ಮಿತ್ರರು ಜಾಮೀನಿನ ಅರ್ಜಿ ಬರೆಯುವಾಗ ಕಕ್ಷಿದಾರ ಯಾವ ಗುಳಿಗೆಯಲ್ಲಿದ್ದಾನೆ ಎಂದು ಜೈಲಿನ ವೈದ್ಯರನ್ನು ಒಮ್ಮೆ ಕೇಳಿ. ಡಿಮ್ಹಾನ್ಸ್‌ನಲ್ಲಿ ಕಲಿಯುತ್ತಿರುವ ಯುವ ವೈದ್ಯರು, ಸಮಾಜಕಾರ್ಯದ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಕಾರಾಗೃಹಕ್ಕೆ ಹೋಗುವ ಪಾಠಕ್ರಮವನ್ನು ನಿಮ್ಮ ಗುರುಗಳ ಬಳಿ ಕೇಳಿ ಪಡೆಯಿರಿ. ಇನ್ನು ಈ ಸಭೆಯಲ್ಲಿ ಮನೆಯ ಒಬ್ಬರು ಒಳಗಿರುವವರು, ಒಳಗಿದ್ದು ಬಂದವರು ಇರಬಹುದು. ನಿಮಗೆ 14416 ಎಂಬ ನಂಬರು ಕೊಡುತ್ತೇನೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು, ಯಾವ ಪ್ರಕರಣ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಾನು ಹೇಳಿದ ಚೀಟಿಯ ಒಂದು ಪುಟದ ನಮೂನೆಯನ್ನು ಬರೆದು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಕಾನೂನು ಬಲ್ಲವರು ತಿದ್ದಿ ಕೊಡಿ. ಬರುವ ವಾರ ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಾರಾಗೃಹದ ಅಧೀಕ್ಷಕರಿಗೂ ಸಲ್ಲಿಸುವವನಿದ್ದೇನೆ.